ಡೀನಾಳ ಬಾಗಿಲಿನ ಗೋಧಿತೆನೆ

ಸೋಮವಾರ ಸಂಜೆ ಡೀನಾ ಪ್ರುವಿಟ್ ಕೆಲಸ ಮುಗಿಸಿ ಬಂದು, ಕೈಚೀಲದಲ್ಲಿ ಬೀಗದ ಕೈ ತಡಕುತ್ತ ನಿಂತಿದ್ದಾಗ, ಮುಂಬಾಗಿಲು ಬೆಳಿಗ್ಗೆ ಬಿಟ್ಟುಹೋದ ಹಾಗೆ ಇಲ್ಲವಲ್ಲ ಅನ್ನಿಸಿತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಇದು ಕೂದಲೆಳೆಗಿಂತ ದೊಡ್ಡದೇ ಆಗಿತ್ತು. ಬಾಗಿಲಿಗೆ ತೂಗುಹಾಕಿದ್ದ ಗೋಧಿತೆನೆಯ ಸಿಂಬೆಯನ್ನು ಯಾರೋ ಮುಟ್ಟಿದ್ದರು.

ಆ ಸಿಂಬೆಯನ್ನು ಅವಳೇ ಮಾಡಿದ್ದಳು. ವಿಚಿಟಾ ಪೇಟೆಯಿಂದ ಒಣಗಿದ ತೆನೆಗಳ ಕಟ್ಟು ತಂದು, ತಂತಿಗೆ ಸುತ್ತಿ, ನಿಲ್ಲದ ಕಡೆಯೆಲ್ಲ ಅಂಟು ಸುರಿದು ನಿಲ್ಲಿಸಿದ್ದಳು. ಕೆಳಗಡೆ ದಂಟುಗಳು ಹಳೇ ಪೊರಕೆಯ ಹಾಗೆ ಕೆದರಿಕೊಂಡಿದ್ದವು. ಈಗ ಅವು ಕೆದರಿರಲಿಲ್ಲ. ಬೆರಳಗಲದ ಜಡೆಯಾಗಿ ಹೆಣೆದು, ತುದಿಯನ್ನು ಒಳಕ್ಕೆ ಸಿಕ್ಕಿಸಿ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಕಾಣದಂತೆ ಮಾಡಿದ್ದರು.

"ಹ್ಯಾಟೀ, ಬಾಗಿಲಿನ ಗೋಧೀನ ನೀನೇನಾದ್ರೂ ಮುಟ್ಟಿದ್ಯಾ?"

ಒಂಬತ್ತು ವರ್ಷದ ಮಗಳು ಅಡಿಗೆಮನೆಯಿಂದ ಇಣುಕಿದಳು. "ನಂಗೆ ನನ್ನ ಜಡೇನೇ ಹಾಕ್ಕೊಳಕ್ಕೆ ಬರಲ್ಲ, ಅಮ್ಮ."

ಗಂಡ ವೆಸ್ ಊರಾಚೆಯ ಧಾನ್ಯದ ಉಗ್ರಾಣದಲ್ಲಿ ಲಾರಿಗಳನ್ನು ತೂಕ ಹಾಕುವವನು. ಮೈತುಂಬ ದೂಳು ಹೊತ್ತುಕೊಂಡು ಬಂದವನು ಬಾಗಿಲ ಮುಂದೆ ನಿಂತು, ಟೋಪಿ ಹಿಂದಕ್ಕೆ ತಳ್ಳಿ ನೋಡಿದ.

"ಗಾಳಿ ಇರ್ಬೇಕು."

"ಗಾಳಿ ಜಡೆ ಹೆಣೆಯತ್ತಾ ವೆಸ್?"

"ಕ್ಯಾನ್ಸಸ್ ಗಾಳಿ. ಏನು ಬೇಕಾದ್ರೂ ಮಾಡತ್ತೆ," ಎಂದು ಅವನು ಸ್ನಾನಕ್ಕೆ ಹೋದ.

ಹಬ್ಬ ಶನಿವಾರವಿತ್ತು. ಹಗಲೂ ರಾತ್ರಿಯೂ ಸರಿಸಮವಾಗುವ ಶರತ್ಕಾಲದ ಆ ದಿನವನ್ನು ಡೀನಾ ಏಳು ವರ್ಷದಿಂದ ಮನೆಯಲ್ಲಿ ಮಾಡಿಕೊಂಡು ಬಂದಿದ್ದಳು. ಮೇಬನ್ ಎಂದು ಅದರ ಹೆಸರು. ಪ್ರಕೃತಿಯನ್ನು ಪೂಜಿಸುವ ಪೇಗನ್ ಪಂಥದವರಿಗೆ ವರ್ಷಕ್ಕೆ ಎಂಟು ಹಬ್ಬಗಳು, ಅದರಲ್ಲಿ ಇದು ಸುಗ್ಗಿಯದು. ಹ್ಯಾಟೀ ಇನ್ನೂ ತೊಟ್ಟಿಲಿನಲ್ಲಿದ್ದಾಗ ಗೆಳತಿಯೊಬ್ಬಳು ಕೊಟ್ಟ ಪುಸ್ತಕದಿಂದ ಇದೆಲ್ಲ ಶುರುವಾಗಿತ್ತು. ಮೊದಲು ಕುತೂಹಲ, ಆಮೇಲೆ ಅಭ್ಯಾಸ, ಈಗ ನಂಬಿಕೆಯೇ. ಮಣ್ಣು, ಬಿಸಿಲು, ಮರ ಇವುಗಳಿಗೆ ಕೃತಜ್ಞತೆ ಹೇಳುವುದಕ್ಕೆ ಒಂದು ದಿನ ಬೇಕು ಎಂದು ಅವಳಿಗೆ ಮನಸಾರೆ ಅನ್ನಿಸುತ್ತಿತ್ತು. ಆದರೆ ಮೂರು ಚರ್ಚುಗಳಿದ್ದ ಆ ಪುಟ್ಟ ಊರಿನಲ್ಲಿ ಅವಳು ಇದರ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಟ್ಟವಳಲ್ಲ. ಹೋದ ವರ್ಷ ಇದೇ ಹೊತ್ತಿಗೆ ಯಾರೋ ಬಾಗಿಲ ಸಂದಿಯಲ್ಲಿ ಚರ್ಚಿನ ಒಂದು ಕರಪತ್ರ ಸಿಕ್ಕಿಸಿ ಹೋಗಿದ್ದರು. "ಇನ್ನೂ ಹೊತ್ತು ಮೀರಿಲ್ಲ, ಮರಳಿ ಬಾ" ಎಂದು ಅದರ ಮೇಲೆ ದಪ್ಪಕ್ಷರದಲ್ಲಿತ್ತು.

ಈಗ ಬಾಗಿಲಿಗೆ ಕೈ ಹಾಕಿದವರು ಅವರೇ ಏನೋ ಎಂದು ಒಂದು ಗಳಿಗೆ ಅಳುಕಾಯಿತು. ಆದರೆ ಹಬ್ಬ ಬೇಡವೆನ್ನುವವರು ಸಿಂಬೆಯನ್ನು ಕಿತ್ತೆಸೆಯುತ್ತಿದ್ದರು, ಚೆಂದ ಮಾಡಿ ಹೋಗುತ್ತಿರಲಿಲ್ಲ.

ಮಂಗಳವಾರ ಸಂಜೆ ಸಿಂಬೆಯ ಬಲಮಗ್ಗುಲೂ ಸರಿಹೋಗಿತ್ತು. ಅಲ್ಲಿದ್ದ ಅಂಟನ್ನೆಲ್ಲ ಯಾರೋ ಉಗುರಿನಿಂದ ಕೆರೆದು ತೆಗೆದು, ಆ ಚೂರುಗಳನ್ನು ಮೆಟ್ಟಿಲ ಮೂಲೆಯಲ್ಲಿ ಒಪ್ಪವಾಗಿ ಗುಡ್ಡೆ ಹಾಕಿದ್ದರು. ಡೀನಾ ಕೂತು ಆ ಗುಡ್ಡೆಯನ್ನೇ ನೋಡಿದಳು. ಅವಳಿಗೆ ನಗುವೂ ಬಂತು, ಅವಮಾನವೂ ಆಯಿತು.

"ಯಾರೋ ನಿಂಗೆ ಮಾರ್ಕ್ಸ್ ಕೊಡ್ತಿದಾರೆ," ಎಂದಳು ಹ್ಯಾಟೀ.

"ಎಷ್ಟು ಕೊಟ್ಟಿರ್ಬೋದು?"

ಹುಡುಗಿ ಅಂಟಿನ ಗುಡ್ಡೆಯನ್ನು ಅಳೆದು ನೋಡಿದಳು. "ಫೇಲು."

ಆ ರಾತ್ರಿ ಊಟದ ಹೊತ್ತಿಗೆ ಮೂವರೂ ಸೇರಿ ಒಬ್ಬೊಬ್ಬರದೇ ಹೆಸರು ಎತ್ತಿ ನೋಡಿದರು. ಅಂಚೆಯವನಿಗೆ ನಿಂತು ಉಸಿರಾಡಲೂ ಬಿಡುವಿಲ್ಲ. ಪಕ್ಕದ ಮನೆಯ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೋಗುವವರು. ಎದುರು ಮನೆಯ ಎಲ್ಡಾ ಉನ್ರೂ ಎಂಬತ್ತೆರಡರ ಮುದುಕಿ. ಮೆನೊನೈಟ್ ಪಂಗಡದ ಕ್ರೈಸ್ತರ ಚರ್ಚಿನಲ್ಲಿ ಮೊದಲ ಸಾಲು ಅವಳದು. ಅವಳು ಡೀನಾಳ ಹತ್ತಿರ ಈ ಏಳು ವರ್ಷದಲ್ಲಿ ಆಡಿದ್ದು ಒಂದೇ ಮಾತು, ಕಸದ ಡಬ್ಬಿ ಬುಧವಾರ ಇಡಬೇಕು, ಮಂಗಳವಾರ ಅಲ್ಲ ಎಂದು. ಅವಳನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬುಧವಾರ ಬೆಳಿಗ್ಗೆ ಡೀನಾ ಒಂದು ಉಪಾಯ ಮಾಡಿದಳು. ಹಬ್ಬಕ್ಕೆ ಮುಂಚೆ ಪಾಕ ನೋಡುವುದಕ್ಕೆಂದು ಸೇಬು, ಓಟ್ಸ್, ಚಕ್ಕೆಪುಡಿ ಹಾಕಿ ಒಂದು ಬ್ರೆಡ್ ಸುಟ್ಟಿದ್ದಳು. ಅದರಿಂದ ದಪ್ಪಗೆ ಎರಡು ಹೋಳು ಕೊಯ್ದು, ಕಾಗದದಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟಳು. ಮೇಲೊಂದು ಚೀಟಿ: "ನಿಮ್ಮ ಕೈಕೆಲಸ ತುಂಬ ಚೆನ್ನಾಗಿದೆ. ಯಾರು ನೀವು?"

ಸಂಜೆ ಬ್ರೆಡ್ಡಿರಲಿಲ್ಲ. ಸುತ್ತಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಲ್ಲು ಹೇರಿಟ್ಟಿದ್ದರು. ಚೀಟಿಯ ಹಿಂಬದಿಗೆ ಪೆನ್ಸಿಲಿನಲ್ಲಿ, ಹಳೇ ಕಾಲದ ಮೇಷ್ಟ್ರ ಅಕ್ಷರದಂತೆ ಬಾಗಿದ ಬರಹದಲ್ಲಿ ಮೂರು ಸಾಲಿತ್ತು.

"ಒಣ ದಂಟು ಮುರಿಯುತ್ತದೆ. ಅರ್ಧ ಗಂಟೆ ನೀರಲ್ಲಿ ನೆನೆಸಬೇಕು. ಬ್ರೆಡ್ಡಿಗೆ ಉಪ್ಪು ಕಮ್ಮಿಯಾಗಿದೆ."

ವೆಸ್ ಅದನ್ನು ಗಟ್ಟಿಯಾಗಿ ಓದಿ, ಉಳಿದಿದ್ದ ಬ್ರೆಡ್ಡಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಅಗಿದ. "ಹೂಂ. ಕಮ್ಮಿನೇ."

"ಮೂರು ದಿನದಿಂದ ತಿಂತಿದೀಯ. ಒಂದು ಮಾತು ಹೇಳಬಾರದಾ?"

"ನೀನು ಕೇಳ್ಲಿಲ್ವಲ್ಲ."

ಗುರುವಾರ ಬೆಳಿಗ್ಗೆ ಡೀನಾ ಮಿಕ್ಕಿದ್ದ ತೆನೆಗಳನ್ನು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ, ಒದ್ದೆ ಟವೆಲಿನಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ಹೋದಳು. ಆದರೆ ಅಂಗಡಿಯಲ್ಲಿ ಕೂತರೆ ಮನಸ್ಸೆಲ್ಲ ಜಗಲಿಯ ಮೇಲೇ. ಯಾರದೋ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಲು ಹೋಗಿ ತಡೆದುಕೊಂಡಳು. ಮಧ್ಯಾಹ್ನದ ಬಿಡುವು ಸಿಕ್ಕಿದ್ದೇ ಕಾರು ಹತ್ತಿ ಮನೆಗೆ ಬಂದಳು. ಸದ್ದಾಗಬಾರದೆಂದು ಮೂಲೆಯಲ್ಲೇ ಕಾರು ನಿಲ್ಲಿಸಿ ನಡೆದುಕೊಂಡು ಬಂದಳು.

ಜಗಲಿಯ ಮೆಟ್ಟಿಲ ಮೇಲೆ ಎಲ್ಡಾ ಉನ್ರೂ ಕೂತಿದ್ದಳು. ಒದ್ದೆ ಟವೆಲು ಮಡಿಲಲ್ಲಿತ್ತು. ಐದು ದಂಟುಗಳು ಬೆರಳುಗಳ ನಡುವೆ ಒಂದರ ಮೇಲೊಂದು ಮಗುಚಿಕೊಳ್ಳುತ್ತಿದ್ದವು. ಗಂಟುಗಂಟಾದ ಆ ಬೆರಳುಗಳು ಒಮ್ಮೆಯೂ ತಡವರಿಸದಿದ್ದುದನ್ನು ಡೀನಾ ಅಲ್ಲೇ ನಿಂತು ಗಮನಿಸಿದಳು.

ಮುದುಕಿ ತಲೆ ಎತ್ತಿದಳು. ಮುಖ ಕೆಂಪಾಯಿತು. ಆದರೆ ಕೈ ನಿಲ್ಲಿಸಲಿಲ್ಲ.

"ಸಿಕ್ಕಿಬಿದ್ದೆ," ಎಂದಳು. "ತಾಳು, ಈಗ ಬಿಟ್ರೆ ಬಿಚ್ಚಿಹೋಗತ್ತೆ. ಇದೊಂದು ಸುತ್ತು ಮುಗಿಸಿ ಎದ್ದು ಹೋಗ್ತೀನಿ."

"ಹೋಗ್ಬೇಡಿ ಮಿಸೆಸ್ ಉನ್ರೂ. ಕೂತ್ಕೊಳ್ಳಿ." ಡೀನಾ ತಾನೂ ಮೆಟ್ಟಿಲ ಮೇಲೆ ಕೂತಳು. "ನೀವು ಅಂತ ಅಂದ್ಕೊಂಡೇ ಇರ್ಲಿಲ್ಲ."

"ನಾನೂ ಅಂದ್ಕೊಂಡಿರ್ಲಿಲ್ಲ. ನನ್ನ ಪಾತ್ರೆ ತೊಳೆಯೋ ಜಾಗದ ಎದುರಿಗೇ ಕಿಟಕಿ. ಕಿಟಕಿಯಲ್ಲಿ ನಿನ್ನ ಬಾಗಿಲು. ಎರಡು ವಾರ ಆ ಪೊರಕೇನ ನೋಡ್ತಾ ಪಾತ್ರೆ ತೊಳೆದೆ. ಸೋಮವಾರ ತಡೆಯಕ್ಕಾಗ್ಲಿಲ್ಲ. ಕಂಡವರ ಬಾಗಿಲಿಗೆ ಕೈ ಹಾಕೋದು ತಪ್ಪು, ನಂಗೆ ಗೊತ್ತು. ನಮ್ಮಮ್ಮ ಇದ್ದಿದ್ರೆ ಕೈಗೆ ಬಾರಿಸ್ತಿದ್ಲು. ಆದ್ರೆ ಅದಕ್ಕಿಂತ ಮುಂಚೆ ನಿನ್ನ ಕೈಗೆ ಬಾರಿಸ್ತಿದ್ಲು. ಗೋಧಿಗೆ ಯಾರಾದ್ರೂ ಅಂಟು ಹಾಕ್ತಾರಾ?"

"ನಂಗೆ ಹೇಳಿಕೊಡೋರು ಯಾರೂ ಇರ್ಲಿಲ್ಲ."

"ಹಾಗಂತ ಕಾಣತ್ತೆ." ಎಲ್ಡಾ ಐದನೇ ದಂಟನ್ನು ಮಡಚಿ ತಿರುಗಿಸಿದಳು. "ಈ ಗೆಣ್ಣಿನ ಮೇಲಕ್ಕೆ ಕತ್ತರಿಸ್ಬೇಕು. ಗೆಣ್ಣು ಬಾಗಲ್ಲ. ನೋಡು, ಮುಟ್ಟು."

ಡೀನಾ ಮುಟ್ಟಿ ನೋಡಿದಳು. ಹೌದು, ನೆನೆದ ದಂಟು ತೊಗಲಿನ ಹಾಗೆ ಬಾಗುತ್ತಿತ್ತು. ಆಮೇಲೆ ಎಲ್ಡಾ, ಕೇಳಬೇಕೋ ಬೇಡವೋ ಎಂದು ತೂಗಿ ನೋಡಿದವಳ ಹಾಗೆ, ಮೆಲ್ಲಗೆ ಕೇಳಿದಳು.

"ಇದು ಏನು ಹಬ್ಬ? ನಮ್ಮ ನಾದಿನಿ ಹೇಳ್ತಾಳೆ ನೀವು ಸೈತಾನನ ಪೂಜೆ ಮಾಡೋರು ಅಂತ. ನಾನು ನಂಬ್ಲಿಲ್ಲ. ಸೈತಾನನ ಕಡೆಯೋರು ಬೇಲಿಗಿಡ ಇಷ್ಟು ಸಮನಾಗಿ ಕತ್ತರಿಸಲ್ಲ."

"ಅದು ವೆಸ್ ಕತ್ತರಿಸೋದು."

"ಹಾಗಾದ್ರೆ ನಿನ್ನ ವಿಷಯ ಇನ್ನೂ ಗೊತ್ತಾಗ್ಬೇಕು." ಎಲ್ಡಾಳ ತುಟಿಯ ಮೂಲೆಯಲ್ಲಿ ಏನೋ ಆಡಿಹೋಯಿತು. "ಹೋದ ವರ್ಷ ಬಾಗಿಲ ಸಂದೀಲಿ ಕಾಗದ ಇಟ್ಟೋಳು ನಾನೇ. ಹೇಳಿಬಿಡ್ತೀನಿ, ಇಲ್ದಿದ್ರೆ ನಿನ್ನ ಬ್ರೆಡ್ ತಿಂದಿದ್ದು ಮೈಗೆ ಹತ್ತಲ್ಲ."

ಡೀನಾಗೆ ಕೋಪ ಬರಬೇಕಾಗಿತ್ತು. ಒಂದು ವರ್ಷ ಅವಳು ದಿನಸಿ ಅಂಗಡಿಯಲ್ಲಿ ಸಾಲು ನಿಂತಾಗೆಲ್ಲ ಪ್ರತಿ ಮುಖವನ್ನೂ ನೋಡಿ ಇವರಿರಬಹುದೇ ಎಂದುಕೊಂಡಿದ್ದಳು. ಆದರೆ ಉಪ್ಪು ಕಮ್ಮಿ ಎಂದು ಬರೆದಿಟ್ಟ ಕೈ, ಕರಪತ್ರ ಇಟ್ಟ ಕೈ ಎರಡೂ ಒಂದೇ ಎಂದು ಗೊತ್ತಾದ ಮೇಲೆ ಅವಳಿಗೆ ಉಳಿದದ್ದು ಕುತೂಹಲ ಮಾತ್ರ.

"ಅದರ ಹಿಂದೆ ದಿನಸಿ ಪಟ್ಟಿ ಬರ್ಕೊಂಡೆ," ಎಂದಳು.

"ಒಳ್ಳೇದಾಯ್ತು. ಕಾಗದ ದಪ್ಪ ಇತ್ತು."

ಡೀನಾ ಪುಸ್ತಕದಲ್ಲಿ ಓದಿದ ಹಬ್ಬದ ವಿಷಯ ಹೇಳಿದಳು. ಹಗಲು ರಾತ್ರಿ ಸಮನಾಗುವುದು, ಋತುವಿನ ಮೇಜು ಸಿಂಗರಿಸುವುದು, ಬಿಳಿ ಹಿಟ್ಟು ಕಪ್ಪು ಹಿಟ್ಟು ಎರಡನ್ನೂ ಹೆಣೆದು ಬ್ರೆಡ್ ಮಾಡುವುದು. ಕೊನೆಯ ತೆನೆ ಕೊಯ್ದು ಮನೆ ತುಂಬಿಸಿಕೊಂಡ ಸಂತೋಷಕ್ಕೆ ಬಾಗಿಲಿಗೆ ಗೋಧಿ ಕಟ್ಟುವುದು. ಎಲ್ಡಾ ತಲೆ ಓರೆ ಮಾಡಿಕೊಂಡು ಎಲ್ಲವನ್ನೂ ಕೇಳಿದಳು. ಕೊನೆಯ ಮಾತಿಗೆ ಅವಳ ಬೆರಳುಗಳು ನಿಂತವು.

"ಯಾವ ಗೋಧಿ?"

"ಅಂದ್ರೆ?"

"ಯಾವ ಗೋಧಿ ಕೊಯ್ದಿದ್ದಕ್ಕೆ? ಇಲ್ಲಿ ಗೋಧಿ ಕೊಯ್ಯೋದು ಜೂನ್‌ನಲ್ಲಿ. ಈಗ ಸೆಪ್ಟೆಂಬರ್. ಈಗ ಕೊಯ್ಯಲ್ಲಮ್ಮ, ಬಿತ್ತೋದು. ಈ ವಾರ ಎಲ್ಲಾ ಹೊಲದಲ್ಲೂ ಕೂರಿಗೆ ಹೊರಟಿವೆ. ನಿಮ್ಮ ಪುಸ್ತಕ ಬರೆದೋರು ಯಾವ ಊರಿನೋರು?"

ಪುಸ್ತಕ ಬರೆದವಳು ಸಮುದ್ರದಾಚೆಯ, ಮಳೆಯೂ ಮಂಜೂ ಹೆಚ್ಚಿರುವ ಯಾವುದೋ ದೇಶದವಳು. ಡೀನಾ ಬೆಳೆದದ್ದು ಪೇಟೆಯ ಅಪಾರ್ಟ್‌ಮೆಂಟುಗಳಲ್ಲಿ. ಈ ಊರಿಗೆ ಬಂದ ಮೇಲೂ ಮನೆ, ಅಂಗಡಿ, ಶಾಲೆ ಇಷ್ಟೇ ಅವಳ ದಾರಿ. ಜೂನ್‌ನಲ್ಲಿ ವೆಸ್ ಹದಿನಾರು ಗಂಟೆ ದುಡಿದು ಬರುತ್ತಿದ್ದದ್ದು ಗೊತ್ತಿತ್ತು, ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದದ್ದೂ ಗೊತ್ತಿತ್ತು. ಅದನ್ನು ತನ್ನ ಹಬ್ಬದ ಜೊತೆ ಇಟ್ಟು ನೋಡಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಎಲ್ಡಾಗೆ ತಾನು ಏನೋ ಮುರಿದೆನೆಂದು ಅನ್ನಿಸಿರಬೇಕು. "ಜೋಳ ಈಗ ಕೆಂಪಗಾಗಿದೆ," ಎಂದಳು ಸಮಾಧಾನದ ದನಿಯಲ್ಲಿ. "ಅದು ಈಗಿನ ಸುಗ್ಗಿನೇ."

ಸಂಜೆ ವೆಸ್ ಬರುವುದನ್ನೇ ಕಾದಿದ್ದು ಡೀನಾ ಕೇಳಿದಳು. "ಇಲ್ಲಿ ಗೋಧಿ ಕೊಯ್ಯೋದು ಯಾವಾಗ?"

"ಜೂನ್ ಮಧ್ಯದಲ್ಲಿ."

"ಈಗ?"

"ಬಿತ್ತನೆ. ಬೆಳಿಗ್ಗೆಯಿಂದ ಬೀಜದ ಲಾರಿಗಳೇ."

"ಏಳು ವರ್ಷದಿಂದ ನಾನು ಸೆಪ್ಟೆಂಬರಲ್ಲಿ ಗೋಧಿ ಕೊಯ್ಲಿನ ಹಬ್ಬ ಮಾಡ್ತಿದೀನಿ."

ವೆಸ್ ಬೂಟಿನ ದಾರ ಬಿಚ್ಚುತ್ತ ಯೋಚಿಸಿದ. "ಅದು ನಿಮ್ಮ ಶಾಸ್ತ್ರ ಅಂದ್ಕೊಂಡೆ. ಚರ್ಚಲ್ಲಿ ಕ್ರಿಸ್‌ಮಸ್‌ಗೆ ಬೆತ್ಲೆಹೇಮಿನ ಗೊಂಬೆಗಳ ಮೇಲೆ ಹತ್ತಿ ಉದುರಿಸಿ ಹಿಮ ಅಂತಾರೆ. ಆ ಬಿಸಿಲ ನಾಡಲ್ಲಿ ಹಿಮ ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳ್ತಾರಾ?"

ಡೀನಾಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕಾರಿನ ಕೀಲಿ ತೆಗೆದುಕೊಂಡಳು. ಇನ್ನೂ ಬಿಸಿಲಿತ್ತು. ಮೂವರೂ ಊರಾಚೆ ಹೋದರು. ಮಣ್ಣುರಸ್ತೆಯ ಎಡಕ್ಕೆ ಉತ್ತ ಕರಿ ನೆಲ, ಅದರ ಮೇಲೆ ಕೂರಿಗೆ ಎಳೆಯುತ್ತ ಹೋಗುತ್ತಿದ್ದ ಟ್ರಾಕ್ಟರು, ಅದರ ಹಿಂದೆ ಬೆಳಕಿಗೆ ಹೊಳೆಯುವ ದೂಳಿನ ಬಾಲ. ಬಲಕ್ಕೆ ಜೋಳ, ಸೊಂಟದುದ್ದ, ತುಕ್ಕಿನ ಬಣ್ಣದ ತೆನೆಗಳು ಕಣ್ಣು ಹಾಯುವವರೆಗೂ. ಈ ರಸ್ತೆಯಲ್ಲಿ ಅವಳು ಎಷ್ಟೋ ಸಲ ಕಾರು ಓಡಿಸಿದ್ದಳು. ಇಂದು ಇಳಿದು ನಿಂತಳು. ಒಂದೇ ರಸ್ತೆಯ ಒಂದು ಪಕ್ಕ ಬಿತ್ತನೆ, ಇನ್ನೊಂದು ಪಕ್ಕ ಕೊಯ್ಲು. ಸಮ ಎಂದರೆ ಇದೂ ಅಲ್ಲವೇ ಎಂದುಕೊಂಡಳು. ಆ ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹೊಲ ವೆಸ್‌ನ ಪರಿಚಯದವರದೇ. ಅವರು ಟ್ರಾಕ್ಟರಿನಿಂದಲೇ ಕೈ ಬೀಸಿ, ಬೇಕಾದಷ್ಟು ತೆನೆ ಮುರಿದುಕೊಳ್ಳಿ ಎಂದರು. ಹ್ಯಾಟೀ ತೋಳ್ತುಂಬ ಮುರಿದುಕೊಂಡಳು.

ಶುಕ್ರವಾರ ಸಂಜೆ ಡೀನಾ ಎದುರು ಮನೆಯ ಬಾಗಿಲು ತಟ್ಟಿದಳು. ಏಳು ವರ್ಷದಲ್ಲಿ ಮೊದಲ ಸಲ.

"ನಾಳೆ ಬನ್ನಿ," ಎಂದಳು.

ಎಲ್ಡಾ ಬಾಗಿಲನ್ನು ಅರ್ಧ ಹಿಡಿದುಕೊಂಡೇ ನಿಂತಳು. "ನಾನು ನಿಮ್ಮ ಪೂಜೆಗೆ ಬರಲ್ಲ."

"ಬೇಡ."

"ಆದ್ರೆ ಬ್ರೆಡ್ ಹೇಗೆ ಬಂತು ಅಂತ ಒಬ್ರು ನೋಡ್ಬೇಕಲ್ಲ." ಅವಳು ಸ್ವಲ್ಪ ಯೋಚಿಸಿದಳು. "ಎಷ್ಟು ಗಂಟೆಗೆ?"

ಶನಿವಾರ ಬೆಳಿಗ್ಗೆಯಿಂದ ಓವನ್ ಆರಲಿಲ್ಲ. ಡೀನಾ ಬಿಳಿ ಹಿಟ್ಟನ್ನೂ, ಕಾಕಂಬಿ ಹಾಕಿದ ರೈ ಧಾನ್ಯದ ಕಪ್ಪು ಹಿಟ್ಟನ್ನೂ ಬೇರೆಬೇರೆ ನಾದಿ, ಉಬ್ಬಿದ ಮೇಲೆ ಹಗ್ಗದ ಹಾಗೆ ಹೊಸೆದು ಹೆಣೆದಳು. ಈ ಸಲ ಉಪ್ಪನ್ನು ಚಮಚದಲ್ಲಿ ಅಳೆದು ಹಾಕಿದಳು. ಹ್ಯಾಟೀ ಸಿಹಿಕುಂಬಳದ ಬಿಸ್ಕತ್ತುಗಳನ್ನು ಎಲೆಯಾಕಾರಕ್ಕೆ ಕತ್ತರಿಸಿ, ಅರ್ಧಕ್ಕರ್ಧ ಹಸಿಯಾಗಿಯೇ ತಿಂದಳು. ನಡುಮನೆಯ ಮೇಜಿಗೆ ಕಡುಗೆಂಪು ಬಟ್ಟೆ ಹಾಸಿ, ಸೇಬು, ಓಕ್ ಮರದ ಕಾಯಿ, ಹಳದಿ ಎಲೆಗಳು, ಎರಡು ಮೇಣದಬತ್ತಿ, ನಡುವೆ ಹೂಜಿಯಲ್ಲಿ ಜೋಳದ ತೆನೆಗಳನ್ನು ಜೋಡಿಸಿದರು. ಬಾಗಿಲಿನ ಗೋಧಿಯನ್ನು ತೆಗೆಯುವುದೋ ಬಿಡುವುದೋ ಎಂದು ಡೀನಾ ತುಂಬ ಹೊತ್ತು ಯೋಚಿಸಿ, ಕೊನೆಗೆ ಜೋಳದ ನಾಲ್ಕು ತೆನೆಗಳನ್ನೂ ಅದಕ್ಕೇ ಸೇರಿಸಿ ಕಟ್ಟಿದಳು. ಅಂಟಿಲ್ಲದೆ.

ಎಲ್ಡಾ ಮೂರು ಗಂಟೆಗೆ ಬಂದಳು. ಭಾನುವಾರದ ಉಡುಪಿನಲ್ಲಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಅದರಲ್ಲಿ ಒಂದರ ತಲೆಯ ಮೇಲೊಂದು ಕೂತ ಪುಟ್ಟ ಬನ್ನುಗಳು, ಬೆಣ್ಣೆಯ ಘಮಘಮ. "ಸ್ವೀಬಾಕ್. ನಮ್ಮಮ್ಮ ಶನಿವಾರ ಶನಿವಾರ ಮಾಡ್ತಿದ್ಲು. ಮೇಲಿನ ತಲೆ ಬಿದ್ದುಹೋದ್ರೆ ಕೆಟ್ಟ ಹೆಂಗಸು ಅಂತ ಲೆಕ್ಕ." ಹ್ಯಾಟೀ ತಟ್ಟೆಯಲ್ಲಿ ಎಣಿಸಿದಳು. ಎರಡರ ತಲೆ ಬಿದ್ದಿತ್ತು. ಎಲ್ಡಾ ಅವೆರಡನ್ನೂ ಮೊದಲೇ ತನ್ನ ತಟ್ಟೆಗೆ ಹಾಕಿಕೊಂಡಳು.

ಮನೆಯೊಳಗೆ ಅವಳು ಮ್ಯೂಸಿಯಮ್ಮಿನಲ್ಲಿ ನಡೆದ ಹಾಗೆ, ಕೈ ಹಿಂದಕ್ಕೆ ಕಟ್ಟಿಕೊಂಡು ನಡೆದಳು. ಮೇಜಿನ ಮುಂದೆ ನಿಂತು ಒಂದೊಂದನ್ನೇ ಕೇಳಿದಳು. ಎರಡು ಬತ್ತಿ ಯಾಕೆ? ಒಂದು ಹಗಲಿಗೆ, ಒಂದು ರಾತ್ರಿಗೆ. ಸೇಬನ್ನು ಅಡ್ಡಕ್ಕೆ ಯಾಕೆ ಕೊಯ್ತೀರಿ? ಒಳಗೆ ನಕ್ಷತ್ರ ಕಾಣಿಸುತ್ತದೆ, ನೋಡಿ. ಎಲ್ಡಾ ಕನ್ನಡಕ ಏರಿಸಿ, ಬಗ್ಗಿ, ಬೀಜದ ಐದು ಮನೆಗಳನ್ನು ನೋಡಿದಳು.

"ಎಂಬತ್ತೆರಡು ವರ್ಷ ಉದ್ದಕ್ಕೇ ಕೊಯ್ದೆ," ಎಂದಳು. ಆಮೇಲೆ ಇನ್ನೊಂದು ಸೇಬನ್ನು ತೆಗೆದುಕೊಂಡು, ಅದರಲ್ಲೂ ಇದೆಯೇ ಎಂದು ತಾನೇ ಅಡ್ಡಕ್ಕೆ ಕೊಯ್ದು ನೋಡಿದಳು.

ಊಟಕ್ಕೆ ಮುಂಚೆ ಒಬ್ಬೊಬ್ಬರೂ ಈ ವರ್ಷ ಸಿಕ್ಕ ಒಂದನ್ನು ನೆನೆದು ಹೇಳುವುದು ಅವರ ಮನೆಯ ಪದ್ಧತಿ. ಹ್ಯಾಟೀ ಹೊಸ ಸೈಕಲ್ಲು ಎಂದಳು. ವೆಸ್ ಬೆನ್ನುನೋವು ವಾಸಿಯಾದದ್ದು ಎಂದ. ಡೀನಾ, ಯಾರೋ ನನ್ನ ಬಾಗಿಲನ್ನು ನೋಡುತ್ತಿದ್ದರು ಎನ್ನುವುದು ಎಂದಳು. ಎಲ್ಡಾಳ ಸರದಿ ಬಂದಾಗ ಅವಳು ತಲೆ ತಗ್ಗಿಸಿ, ಕೈ ಜೋಡಿಸಿ, ತುಟಿಯಲ್ಲೇ ತನ್ನ ಪ್ರಾರ್ಥನೆ ಹೇಳಿಕೊಂಡಳು. ಮೂವರೂ ಕಾದರು. ಆಮೇನ್ ಎನ್ನುವುದೊಂದು ಮಾತ್ರ ಎಲ್ಲರಿಗೂ ಕೇಳಿಸಿತು. ಆಮೇಲೆ ಅವಳು ಕಪ್ಪುಬಿಳಿ ಬ್ರೆಡ್ಡಿನ ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದಳು. ಹ್ಯಾಟೀ ಅವಳ ಬಾಯನ್ನೇ ನೋಡುತ್ತಿದ್ದಳು.

"ಉಪ್ಪು ಸರಿಯಾಗಿದೆ," ಎಂದಳು ಎಲ್ಡಾ. "ಕಪ್ಪು ಹಿಟ್ಟು ಇನ್ನೊಂಚೂರು ನಾದ್ಬೇಕಿತ್ತು."

ಊಟವಾದ ಮೇಲೆ ವೆಸ್ ಗಾಡಿಯಿಂದ ಒಂದು ಬಕೆಟ್ ಇಳಿಸಿದ. ಅದರ ತಳದಲ್ಲಿ ಬಿತ್ತನೆಯ ಗೋಧಿಯಿತ್ತು. ಮುಂಬಾಗಿಲಿಂದ ರಸ್ತೆಯವರೆಗಿನ ದಾರಿಯ ಪಕ್ಕ ಎರಡು ಮೊಳ ಅಗಲದ ಹುಲ್ಲನ್ನು ಅವನು ಬೆಳಿಗ್ಗೆಯೇ ಅಗೆದು ಸಡಿಲ ಮಾಡಿದ್ದ. ಹೆಂಡತಿ ಹೇಳಿರಲಿಲ್ಲ. ಈ ಸಲ ಅವಳು ಕೇಳುವವರೆಗೆ ಅವನು ಕಾದಿರಲಿಲ್ಲ ಅಷ್ಟೆ.

"ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಆಳ," ಎಂದು ಎಲ್ಡಾ ಕುರ್ಚಿಯಲ್ಲಿ ಕೂತೇ ಅಪ್ಪಣೆ ಕೊಟ್ಟಳು. ಹ್ಯಾಟೀ ಸಾಲಿನುದ್ದಕ್ಕೂ ಹೆಬ್ಬೆರಳು ಊರಿ ಊರಿ ಕಾಳು ಹಾಕಿದಳು. ಡೀನಾ ಹಿಂದಿನಿಂದ ಮಣ್ಣು ಮುಚ್ಚುತ್ತ ಬಂದಳು. ಇದಕ್ಕೆ ಏನಾದರೂ ಹೇಳಬೇಕಲ್ಲ ಎಂದು ಅವಳಿಗೆ ಅನ್ನಿಸಿತು. ಕೊಯ್ಲಿಗೆ ಪುಸ್ತಕದಲ್ಲಿ ಎರಡು ಪುಟ ಮಾತಿತ್ತು. ಶರತ್ಕಾಲದ ಬಿತ್ತನೆಗೆ ಒಂದು ಸಾಲೂ ಇರಲಿಲ್ಲ.

"ನಿಮ್ಮ ಮನೇಲಿ ಬಿತ್ತುವಾಗ ಏನು ಹೇಳ್ತಿದ್ರು?" ಎಂದು ಎಲ್ಡಾಳನ್ನು ಕೇಳಿದಳು.

ಎಲ್ಡಾ ಬಹಳ ದೂರದವರೆಗೆ ಹೋಗಿ ಹುಡುಕಿ ಬಂದ ಹಾಗೆ ಕಂಡಿತು. "ನಮ್ಮಪ್ಪ ಬಿತ್ತಿ ಮುಗಿಸಿ ಒಂದೇ ಮಾತು ಹೇಳ್ತಿದ್ರು. ಗೇಟು ಹಾಕ್ರೋ, ದನ ನುಗ್ಗತ್ತೆ."

ಹ್ಯಾಟೀ ಎದ್ದು ನಿಂತಳು, ಮಣ್ಣಿನ ಕೈಗಳನ್ನು ಎರಡೂ ಪಕ್ಕಕ್ಕೆ ಚಾಚಿದಳು, ಆ ಮಾತನ್ನೇ ಗಂಭೀರವಾಗಿ, ಗಟ್ಟಿಯಾಗಿ ಹೇಳಿದಳು. ದೊಡ್ಡವರು ಮೂವರೂ ಅವಳ ಹಿಂದೆಯೇ ಹೇಳಿದರು. ಎಲ್ಡಾ ನಗುತ್ತ ಕಣ್ಣೊರೆಸಿಕೊಂಡಳು.

ಸೂರ್ಯ ನೆಟ್ಟಗೆ ರಸ್ತೆಯ ಕೊನೆಗೆ ಇಳಿಯುತ್ತಿದ್ದಾಗ ಎಲ್ಡಾ ಖಾಲಿ ತಟ್ಟೆ ತೆಗೆದುಕೊಂಡು ಹೊರಟಳು. ವೆಸ್ ರಸ್ತೆ ದಾಟಿಸಿ ಬಂದ. ಡೀನಾ ಜಗಲಿಯಲ್ಲಿ ಮಡಿಲ ಮೇಲೆ ಹಬ್ಬದ ಪುಸ್ತಕ ತೆರೆದುಕೊಂಡು ಕೂತಿದ್ದಳು. ಒಂದು ಪುಟ ತಿರುವಿ ಓದಿದಳು, ಮತ್ತೊಂದು ತಿರುವಿದಳು.

"ವೆಸ್, ಫೆಬ್ರವರಿ ಹಬ್ಬಕ್ಕೆ ಕುರಿ ಮರಿ ಹಾಕೋ ಕಾಲ ಅಂತ ಬರೆದಿದೆ. ಇಲ್ಲಿ ಕುರಿ ಯಾವಾಗ ಮರಿ ಹಾಕ್ತವೆ?"

"ಕುರಿ ಇರೋದು ಯಾರ ಹತ್ರ?" ವೆಸ್ ಗದ್ದ ಕೆರೆದುಕೊಂಡ. "ಉತ್ತರದ ಕಡೆ ಒಬ್ರು ಮೇಕೆ ಸಾಕಿದಾರೆ."

"ಮೇ ತಿಂಗಳ ಹೂವು?"

"ಮೇನಲ್ಲಿ ಆಲಿಕಲ್ಲು."

ಪುಸ್ತಕ ತಿದ್ದುವುದಕ್ಕೆ ಡೀನಾ ಪೆನ್ಸಿಲ್ ತರಲು ಒಳಗೆ ಹೋದಳು.